ಹಳೆಯ ಯಂತ್ರಕ್ಕೆ ಹಿಡಿಯುವಷ್ಟೇ ಹೊರೆ

ಮುನವಳ್ಳಿಯವರಿಗೆ ಮಲಪ್ರಭೆಯ ಸಂಗತಿಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಊರಿನ ಮೇಲ್ಗಡೆ, ನವಿಲುತೀರ್ಥದಲ್ಲಿ ರೇಣುಕಾಸಾಗರವಿದೆ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವದು. 2019ರ ಆಗಸ್ಟಿನಲ್ಲಿ ಅದು ತುಂಬಿ, ಬಂದ ನೀರನ್ನು ಹೊರಬಿಡಲೇಬೇಕಾದಾಗ ಕೆಳಗಿನ ಊರುಗಳು ಪಟ್ಟ ಪಾಡು ನಿಮಗೆ ನೆನಪಿದೆ. ತುಂಬಿದ ಮೇಲೆ ಪೇಚಾಡುವುದಕ್ಕಿಂತ ಮೊದಲೇ ಜಾಗ ಮಾಡಿಕೊಳ್ಳುವುದು ಲೇಸು. ಹಳೆಯ ಕಂಪ್ಯೂಟರಿನ ವಿಷಯದಲ್ಲಿಯೂ ಈ ಮಾತು ನಿಜವೆಂದು ನಾನಿಂದು ಹೇಳಬೇಕಾಗಿದೆ.

ನಿಮ್ಮ ಮಗಳು ಊರಿನ ಪಂಚಲಿಂಗೇಶ್ವರ ಗುಡಿಯನ್ನು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಕಂಬಕಂಬವಾಗಿ ಕಟ್ಟುತ್ತಿದ್ದಾಳೆ ಎಂದುಕೊಳ್ಳಿ. 2002ರಿಂದ ಅದು ಎಲ್ಲರಿಗೂ ಬೆಲೆಯಿಲ್ಲದೆ ಸಿಗುವ ಮುಕ್ತ ತಂತ್ರಾಂಶ. ಹಾಗೆ ಕಟ್ಟಿದುದನ್ನು ಬೆಳಕು ನೆರಳುಗಳೊಡನೆ ಚಿತ್ರವಾಗಿ ಇಳಿಸುವ ಕೆಲಸಕ್ಕೆ ರೆಂಡರ್ ಎನ್ನುತ್ತಾರೆ. ರಾತ್ರಿ ಯಂತ್ರವನ್ನು ಆ ಕೆಲಸಕ್ಕೆ ಹಚ್ಚಿ ಅವಳು ಮಲಗುತ್ತಾಳೆ. ಬೆಳಿಗ್ಗೆ ಎದ್ದು ನೋಡಿದರೆ ಯಂತ್ರ ನಡುವೆಯೇ ನಿಂತುಬಿಟ್ಟಿದೆ! ಕಾಲೇಜಿಗೆ ಒಪ್ಪಿಸಬೇಕಾದ ದಿನವೋ ನಾಳೆ. “ಅಪ್ಪಾ, ಇದು ನಡೆಯೂದಿಲ್ರಿ, ಹೊಸಾದು ಕೊಡಸ್ರಿ” ಎನ್ನುತ್ತಾಳೆ.

ಕೊಡಿಸುವ ಮೊದಲು ಮೆಮೊರಿಯ ಲೆಕ್ಕವನ್ನೊಮ್ಮೆ ನೋಡೋಣ. ಕಂಬಕ್ಕೆ ಹೊದಿಸುವ ಕಲ್ಲಿನ ಛಾಯಾಚಿತ್ರವು ಡಿಸ್ಕಿನಲ್ಲಿ ಒತ್ತಿ ಕಟ್ಟಿದ ಹತ್ತಿಯ ಗಂಟಿನಂತೆ ಚಿಕ್ಕದಾಗಿರುತ್ತದೆ. ಮೆಮೊರಿಗೆ ಬಂದೊಡನೆ ಬಿಚ್ಚಿ ಹರಡುತ್ತದೆ. ಉದ್ದಕ್ಕೆ 4096, ಅಗಲಕ್ಕೆ 4096 ಚುಕ್ಕೆಗಳಿದ್ದರೆ, ಚುಕ್ಕೆಗೆ 4 ಬೈಟಿನಂತೆ ಒಂದೇ ಚಿತ್ರಕ್ಕೆ 64 ಮೆಗಾಬೈಟು ಬೇಕು. ಅಂತಹ 32 ಚಿತ್ರಗಳಿಗೆ 2 ಗಿಗಾಬೈಟು! ಯಂತ್ರದಲ್ಲಿರುವುದು 4 ಗಿಗಾಬೈಟಾದರೆ, ಅದರಲ್ಲಿ ವಿಂಡೋಸಿಗೂ ತೆರೆದಿಟ್ಟ ಬ್ರೌಸರಿಗೂ ಪಾಲು ಹೋಗಬೇಕಲ್ಲವೆ? ಉದ್ದಗಲಗಳನ್ನು ಅರ್ಧಕ್ಕಿಳಿಸಿದರೆ 64 ಇದ್ದುದು 16 ಆಗುತ್ತದೆ. ದೂರದಲ್ಲಿ ಕಾಣುವ ಗೋಡೆಗೆ ಅಷ್ಟು ಧಾರಾಳವಾಗಿ ಸಾಕು.

ಕಂಬಗಳ ವಿಷಯವೂ ಹಾಗೆಯೇ. ಶಿಫ್ಟಿನೊಡನೆ ಡಿ ಒತ್ತಿ ನಕಲು ಮಾಡಿದರೆ ಪ್ರತಿ ಕಂಬದ ಆಕಾರಕ್ಕೂ ಬೇರೆ ಜಾಗ ಬೇಕು. ಆಲ್ಟಿನೊಡನೆ ಡಿ ಒತ್ತಿದರೆ ಒಂದೇ ಆಕಾರವನ್ನು ಎಲ್ಲ ಕಂಬಗಳೂ ಹಂಚಿಕೊಳ್ಳುತ್ತವೆ.

ಮೆಮೊರಿ ಸಾಲದಾದಾಗ ಯಂತ್ರವು ಡಿಸ್ಕಿನಲ್ಲಿ ಸ್ವಲ್ಪ ಜಾಗವನ್ನು ಕಡ ಪಡೆಯುತ್ತದೆ. ಆದುದರಿಂದ ಡಿಸ್ಕನ್ನು ಅಂಚಿನವರೆಗೆ ತುಂಬಬಾರದು. ಆದರೆ ಈ ಕಡದಿಂದ ಕೆಲಸ ಬಹಳ ನಿಧಾನವಾಗುವುದೆಂಬುದನ್ನು ಮರೆಯಬೇಡಿ.

ಇಷ್ಟಾಗಿಯೂ ಯಂತ್ರ ನಿಂತರೆ? ಅದಕ್ಕೂ ಉಪಾಯವಿದೆ. ಇಡೀ ಚಲನಚಿತ್ರವನ್ನು ಒಂದೇ ಕಡತವಾಗಿ ಬರೆಯಿಸದೆ, ಒಂದೊಂದು ಚಿತ್ರವನ್ನೂ ಬೇರೆಬೇರೆಯಾಗಿ ಉಳಿಸಲು ಹೇಳಿರಿ. ಸೆಕೆಂಡಿಗೆ 24ರಂತೆ 10 ಸೆಕೆಂಡಿಗೆ 240 ಚಿತ್ರಗಳು. 200 ಮುಗಿದ ಮೇಲೆ ಯಂತ್ರ ನಿಂತರೆ, 201ರಿಂದ ಮುಂದುವರಿಸಿದರಾಯಿತು. ಆ ರಾತ್ರಿಯ ದುಡಿಮೆ ನೀರುಪಾಲಾಗುವುದಿಲ್ಲ.

ಇವೆಲ್ಲ ಮಾಡಿಯೂ ಸಾಲದಾದರೆ ಹೊಸ ಯಂತ್ರಕ್ಕಿಂತ ಮೊದಲು ಇನ್ನೊಂದು ರ‍್ಯಾಮ್ ಹಾಕಿಸುವ ವಿಚಾರ ಮಾಡಿರಿ. ಆದರೆ ಯಂತ್ರದಲ್ಲಿರುವುದು 32 ಬಿಟ್ಟಿನ ವಿಂಡೋಸೋ 64 ಬಿಟ್ಟಿನದೋ ಎಂದು ಮುಂಚೆ ನೋಡಿಕೊಳ್ಳಿ. ಮನೆಗಳಲ್ಲಿರುವ 32 ಬಿಟ್ಟಿನ ವಿಂಡೋಸ್ 4 ಗಿಗಾಬೈಟಿಗಿಂತ ಹೆಚ್ಚನ್ನು ಬಳಸಲಾರದು. ಕೊಟ್ಟ ಹಣ ದಂಡವಾದೀತು. ಇಂದು ರಾತ್ರಿಯಂತೂ ಬ್ರೌಸರನ್ನು ಮುಚ್ಚಿ, ಚಿತ್ರಗಳನ್ನು ಕಿರಿದುಮಾಡಿ, ಮಗಳು ಇನ್ನೊಮ್ಮೆ ಕೆಲಸಕ್ಕೆ ಹಚ್ಚಿ ನೋಡಲಿ.