ಬೋಪಾಲ್, ಭೋಪಾಲ್ ಮತ್ತು ಒಂದು ತಪ್ಪು ಲೈನ್ ನಂಬರ್

ಅಹಮದಾಬಾದ್‌ನ ಬೋಪಾಲ್‌ನಿಂದ ಮಾತಾಡ್ತಿದ್ದೀನಿ. ಮಧ್ಯಪ್ರದೇಶದ ಭೋಪಾಲ್ ಅಲ್ಲ. ಒಂದು ಮಹಾಪ್ರಾಣದ ವ್ಯತ್ಯಾಸ ಅಷ್ಟೇ, ಆದರೆ ದಾವಣಗೆರೆಯಲ್ಲಿ ನಮ್ಮಮ್ಮ ಇವತ್ತಿಗೂ ಅಕ್ಕಪಕ್ಕದವರಿಗೆ ಭೋಪಾಲ್ ಅಂತಾನೇ ಹೇಳೋದು. ಚಟ್ನಿಪುಡಿ ಪಾರ್ಸೆಲ್ ಮೇಲೂ ಹಾಗೇ ಬರೆದಿದ್ರು. ಕೆಳಗಿದ್ದ ಪಿನ್ ಕೋಡ್ 380058 ನೋಡಿ ಪೋಸ್ಟ್‌ನವರು ಸರಿಯಾಗಿ ತಂದುಕೊಟ್ರು. ಈ ಪಿನ್ ಕೋಡ್ ನೆನಪಿರಲಿ, ಮುಂದೆ ಬರುತ್ತೆ.

ಇವತ್ತಿನ ವಿಷಯ ಡೀಬಗ್ ಮಾಹಿತಿ. ಜಿಸಿಸಿಗೆ ಹೈಫನ್ ಜಿ ಕೊಟ್ಟರೆ ಪ್ರೋಗ್ರಾಂ ಜೊತೆ ಡ್ವಾರ್ಫ್ ಅನ್ನೋ ರೂಪದಲ್ಲಿ ಒಂದು ದಫ್ತರವೂ ತಯಾರಾಗುತ್ತೆ. ಯಾವ ಮೆಷಿನ್ ವಿಳಾಸ ಯಾವ ಫೈಲಿನ ಯಾವ ಸಾಲು ಅನ್ನೋದು ಒಂದು ಪಟ್ಟಿ. ಪ್ರತಿ ವೇರಿಯೇಬಲ್‌ಗೂ ಹೆಸರು, ಟೈಪ್, ಘೋಷಣೆಯಾದ ಸಾಲು, ಅದು ಇರೋ ಜಾಗ ಇನ್ನೊಂದು ಕಡೆ. ಜಾಗ ಅನ್ನೋದು ಸ್ವಲ್ಪ ತಂಟೆ. ಆಪ್ಟಿಮೈಸೇಶನ್ ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಟಾಕ್‌ನಲ್ಲಿ ಒಂದೇ ಕಡೆ. ಹೈಫನ್ ಓ 2 ಕೊಟ್ಟರೆ ಅದೇ ವೇರಿಯೇಬಲ್ ನಾಲ್ಕು ಇನ್‌ಸ್ಟ್ರಕ್ಷನ್ ಒಂದು ರಿಜಿಸ್ಟರ್‌ನಲ್ಲಿ, ಆಮೇಲೆ ಇನ್ನೊಂದರಲ್ಲಿ, ಆಮೇಲೆ ಎಲ್ಲೂ ಇಲ್ಲ. ಪಿಜಿ ಬದಲಾಯಿಸೋ ಬ್ಯಾಚುಲರ್ ಥರ. ಜಿಡಿಬಿ 'ಆಪ್ಟಿಮೈಸ್ಡ್ ಔಟ್' ಅನ್ನೋದು ಆಗಲೇ. 'ಇನ್ಫೋ ಅಡ್ರೆಸ್' ಕೊಟ್ಟರೆ ಈ ಓಡಾಟ ಪೂರ್ತಿ ಕಾಣುತ್ತೆ.

ಈಗ ನನ್ನ ಕಥೆ. ಹಿಂದಿನ ಕಂಪನಿ. ಸೂರತ್‌ನ ಒಂದು ಬಟ್ಟೆ ಕಾರ್ಖಾನೆಯ ಮೆಷಿನ್‌ಗಳನ್ನ ನೋಡಿಕೊಳ್ಳೋ ನಮ್ಮ ಪ್ರೋಗ್ರಾಂ ಶುಕ್ರವಾರ ಸಂಜೆ ಕ್ರ್ಯಾಶ್ ಆಯ್ತು. ಕೋರ್ ಡಂಪ್ ಬಂತು. ಅಲ್ಲಿರೋದು ಸ್ಟ್ರಿಪ್ ಮಾಡಿದ ಫೈಲು, ಡೀಬಗ್ ಮಾಹಿತಿ ಇಲ್ಲ. ನಾನು ಸರ್ವರ್‌ನಲ್ಲಿದ್ದ ಹೊಸ ಬಿಲ್ಡ್‌ನ ಸಿಂಬಲ್ ಫೈಲನ್ನ ಕೈಯಾರೆ ಲೋಡ್ ಮಾಡಿದೆ. ಜಿಡಿಬಿ ನೇರ ಒಂದು ಸಾಲು ತೋರಿಸ್ತು: ಹಿಂದಿನ ವಾರ ನಮ್ಮ ಹುಡುಗ ಬರೆದ ಫಂಕ್ಷನ್. ನಾನು ಎಲ್ಲರಿಗೂ ಮೇಲ್ ಹಾಕಿದೆ, ಅವನ ಹೆಸರು ಸಮೇತ. ಅವನಿನ್ನೂ ಪ್ರೊಬೇಷನ್‌ನಲ್ಲಿದ್ದ.

ರಾತ್ರಿ ಫೋನ್ ಮಾಡಿದ. "ಅಣ್ಣಾ, ತಪ್ಪು ತಿಳ್ಕೋಬೇಡಿ. ಆ ಕೋಡ್ ಸೂರತ್‌ಗೆ ಹೋಗೇ ಇಲ್ಲ ಅನ್ಸುತ್ತೆ."

ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದ್ರೂ ಎರಡೂ ಫೈಲಿಗೆ 'ರೀಡ್‌ಎಲ್ಫ್ ಹೈಫನ್ ಎನ್' ಹಾಕಿ ಬಿಲ್ಡ್ ಐಡಿ ನೋಡಿದೆ. 40 ಅಕ್ಷರದ ಸಂಖ್ಯೆ, ಸ್ಟ್ರಿಪ್ ಮಾಡಿದರೂ ಉಳಿಯುತ್ತೆ. ಎರಡೂ ಬೇರೆ ಬೇರೆ. ಹೆಸರು ಒಂದೇ, ಪಿನ್ ಕೋಡ್ ಬೇರೆ. ಜಿಡಿಬಿ ತಾನಾಗಿ ಸಿಂಬಲ್ ಫೈಲ್ ಹುಡುಕುವಾಗ ಬಿಲ್ಡ್ ಐಡಿ ಹೋಲಿಸುತ್ತೆ. ನಾನು ಕೈಯಾರೆ ಕೊಟ್ಟಿದ್ದನ್ನ ನಂಬಿ, ಹಳೆ ವಿಳಾಸಗಳನ್ನ ಹೊಸ ಪಟ್ಟಿಯಲ್ಲಿ ಓದಿ ಹೇಳಿತ್ತು.

ಹಳೆ ಸಿಂಬಲ್ ಫೈಲನ್ನ ಯಾರೂ ಎತ್ತಿಟ್ಟಿರಲಿಲ್ಲ. ಹಳೆ ಕಮಿಟ್‌ನಿಂದ, ಅದೇ ಕಂಪೈಲರ್‌ನಲ್ಲಿ ಮತ್ತೆ ಬಿಲ್ಡ್ ಮಾಡಿದೆ. ಐಡಿ ಕೂಡಲಿಲ್ಲ! ಅರ್ಧ ದಿನ ತಲೆ ಕೆರ್ಕೊಂಡೆ. ಆಮೇಲೆ ಹೊಳೀತು: ಡ್ವಾರ್ಫ್ ಒಳಗೆ ಕಂಪೈಲ್ ಮಾಡಿದ ಫೋಲ್ಡರ್‌ನ ಹಾದಿಯೂ ಇರುತ್ತೆ, ಲಿಂಕರ್ ಐಡಿ ಲೆಕ್ಕ ಹಾಕುವಾಗ ಅದೂ ಸೇರುತ್ತೆ. ನಾನು ನನ್ನ ಹೋಮ್ ಫೋಲ್ಡರ್‌ನಲ್ಲಿ ಮಾಡ್ತಿದ್ದೆ. ಬಿಲ್ಡ್ ಸರ್ವರ್‌ನ ಹಾದಿಯನ್ನೇ ಇಟ್ಟು ಮಾಡಿದಾಗ 40ಕ್ಕೆ 40 ಕೂಡಿತು.

ಈ ಸಲ ಜಿಡಿಬಿ ಬೇರೆ ಫೈಲ್ ತೋರಿಸ್ತು. 'ಕೌಂಟ್' ಅನ್ನೋ ವೇರಿಯೇಬಲ್‌ನಲ್ಲಿ ಕಸ. ಅದರ ಜಾಗ ನೋಡಿದೆ: 16 ಸೆನ್ಸರ್‌ಗಳ ಅರೇ ಮುಗಿದ ಕೂಡಲೇ ಪಕ್ಕದ 4 ಬೈಟ್. ಮೇಲೆ ಲೂಪ್ ಸೊನ್ನೆಯಿಂದ ಶುರುವಾಗಿ, 16ಕ್ಕಿಂತ ಕಡಿಮೆ ಅನ್ನೋ ಬದಲು 'ಕಡಿಮೆ ಅಥವಾ ಸಮ' ಅಂತ ಓಡ್ತಿತ್ತು. ಹದಿನೇಳನೇ ಸಲ ಬರೆದದ್ದು ಕೌಂಟ್ ಮೇಲೆ. 'ಗಿಟ್ ಬ್ಲೇಮ್' ಹಾಕಿದೆ. ಎರಡು ವರ್ಷ ಹಿಂದಿನ ಸಾಲು. ನನ್ನದೇ.

ಸೋಮವಾರ ಬೆಳಿಗ್ಗೆ, ಮೊದಲಿನ ಮೇಲ್ ಹೋದವರಿಗೆಲ್ಲ ಇನ್ನೊಂದು ಮೇಲ್ ಹಾಕಿದೆ. ಹುಡುಗನನ್ನ ರಿಂಗ್ ರೋಡ್ ಪಕ್ಕದ ಕಿಟ್ಲಿಗೆ ಚಹಾಕ್ಕೆ ಕರ್ಕೊಂಡು ಹೋಗಿ ಕ್ಷಮೆ ಕೇಳಿದೆ. "ಹೋಗ್ಲಿ ಬಿಡಿ ಅಣ್ಣಾ" ಅಂದ. ಸ್ವಲ್ಪ ಹೊತ್ತು ಸುಮ್ನಿದ್ದು, "ಎರಡನೇ ಮೇಲ್ ಎಲ್ಲರೂ ಓದ್ತಾರಾ?" ಅಂತ ಕೇಳಿದ.

ಅವತ್ತೇ ಇಬ್ಬರೂ ಕೂತು, ಪ್ರತಿ ರಿಲೀಸ್‌ನ ಡೀಬಗ್ ಫೈಲ್ ಬಿಲ್ಡ್ ಐಡಿ ಹೆಸರಿನಲ್ಲೇ ಎತ್ತಿಡೋ ಸ್ಕ್ರಿಪ್ಟ್ ಬರೆದ್ವಿ. 'ಆಬ್ಜ್‌ಕಾಪಿ'ಯ 'ಓನ್ಲಿ ಕೀಪ್ ಡೀಬಗ್' ಬಳಸಿ, ಹತ್ತೇ ಸಾಲು. ಅದನ್ನೇ ಈಗ ಸ್ಕ್ರೀನ್ ಮೇಲೆ ತೋರಿಸ್ತೀನಿ.