ಕೆಲಸ ಅವರದು, ಹೆಸರು ಇನ್ನೊಬ್ಬರದು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದ್ದರು. ಅವರ ಕ್ಷಮೆ ಕೋರಿ, ಇಂಗ್ಲೆಂಡಿನಲ್ಲಿ ರೇಸ್ ಕುದುರೆಗಳಿಗೆ ತರಬೇತಿ ಕೊಡುತ್ತಿದ್ದ ಫ್ಲಾರೆನ್ಸ್ ನೇಗಲ್ ಎಂಬ ಮಹಿಳೆಯನ್ನು ಇಲ್ಲಿ ನೆನೆಯುತ್ತೇನೆ. ಏಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ರೇಸ್ ಎಂದರೆ ನಮಗೆ ಜೂಜು ನೆನಪಾಗುತ್ತದೆ. ನಾನು ಹೇಳುತ್ತಿರುವುದು ಲಾಯದೊಳಗಿನ ದುಡಿಮೆಯ ಮಾತು. ರೇಸಿನ ದಿನ ಸವಾರ ಕುದುರೆಯ ಮೇಲೆ ಕೂರುವುದು ಕೆಲವೇ ನಿಮಿಷ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬೆಳಗಿನ ಜಾವ ಓಡಿಸುವುದು, ಮೇವು ಅಳೆದು ಹಾಕುವುದು, ಕಾಲು ಸವರಿ ಬಿಸಿಯಾಗಿದೆಯೇ, ಊದಿದೆಯೇ ಎಂದು ನೋಡುವುದು, ಯಾವ ಕುದುರೆ ಯಾವ ಓಟಕ್ಕೆ ಎಂದು ತೀರ್ಮಾನಿಸುವುದು ಎಲ್ಲವೂ ತರಬೇತುದಾರರ ಹೊಣೆ. ಎತ್ತು ಸಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1894ರಲ್ಲಿ ಹುಟ್ಟಿದ ನೇಗಲ್ ಈ ಕೆಲಸವನ್ನು ದಶಕಗಳ ಕಾಲ ಮಾಡಿದರು. 1937ರ ಡರ್ಬಿಯಲ್ಲಿ, ಯಾರೂ ಲೆಕ್ಕಕ್ಕಿಡದಿದ್ದ ಅವರ ಕುದುರೆ ಸ್ಯಾಂಡ್‌ಸ್ಪ್ರೈಟ್ ಎರಡನೆಯ ಸ್ಥಾನ ಪಡೆಯಿತು. ಆದರೆ ಅಲ್ಲಿನ ರೇಸುಗಳನ್ನು ನಿಯಂತ್ರಿಸುತ್ತಿದ್ದ ಜಾಕಿ ಕ್ಲಬ್ ಹೆಂಗಸರಿಗೆ ತರಬೇತುದಾರರ ಲೈಸೆನ್ಸ್ ಕೊಡುತ್ತಿರಲಿಲ್ಲ. ಕುದುರೆಯ ಒಡತಿಯಾಗಬಹುದಿತ್ತು, ತರಬೇತುದಾರಳಾಗುವಂತಿರಲಿಲ್ಲ! ಹೀಗಾಗಿ ಲೈಸೆನ್ಸ್ ಅವರ ಲಾಯದ ಮುಖ್ಯ ಕೆಲಸಗಾರನ ಹೆಸರಿನಲ್ಲಿತ್ತು. ಸಂಬಳ ಕೊಡುವವರು ನೇಗಲ್, ದಾಖಲೆಯಲ್ಲಿ ತರಬೇತುದಾರ ಅವರ ಆಳು.

ಇದು ಅವರೊಬ್ಬರ ಪಾಡಲ್ಲ. 1956ರಲ್ಲಿ ಹೆಲೆನ್ ಜಾನ್ಸನ್ ಹೌಟನ್ ತಯಾರು ಮಾಡಿದ ಕುದುರೆ ಅಲ್ಲಿನ ಅತಿ ದೊಡ್ಡ ಓಟಗಳಲ್ಲಿ ಒಂದನ್ನು ಗೆದ್ದಾಗ, ತರಬೇತುದಾರ ಎಂದು ದಾಖಲಾದದ್ದು ಒಬ್ಬ ಗಂಡಸಿನ ಹೆಸರು.

ನೇಗಲ್ ಮತ್ತೆ ಮತ್ತೆ ಅರ್ಜಿ ಹಾಕಿದರು. ಕೊನೆಗೆ ಕೋರ್ಟಿಗೆ ಹೋದರು. ಮೊದಲು ಅವರ ದಾವೆ ವಿಚಾರಣೆಯೇ ಇಲ್ಲದೆ ವಜಾ ಆಯಿತು. ಅವರು ಮೇಲ್ಮನವಿ ಸಲ್ಲಿಸಿದರು. 1966ರಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಇನ್ನಿಬ್ಬರು ನ್ಯಾಯಾಧೀಶರು, ಹೆಣ್ಣೆಂಬ ಒಂದೇ ಕಾರಣಕ್ಕೆ ಒಬ್ಬರ ಕಸುಬಿಗೆ ಅಡ್ಡಬರುವ ಪ್ರಶ್ನೆ ಇದಾಗಿರುವುದರಿಂದ ವಿಚಾರಣೆ ನಡೆಯಲೇಬೇಕು ಎಂದರು. ಕ್ಲಬ್ ವಿಚಾರಣೆಯವರೆಗೂ ಕಾಯಲಿಲ್ಲ, ಲೈಸೆನ್ಸ್ ಕೊಟ್ಟಿತು. ಆಗ ಅವರಿಗೆ 71 ವರ್ಷ. ಅದೇ ಆಗಸ್ಟ್‌ನಲ್ಲಿ, ಅವರಂತೆಯೇ ಹಲವು ವರ್ಷ ಕಾದಿದ್ದ ನೋರಾ ವಿಲ್ಮಟ್ ಎಂಬುವರ ಕುದುರೆ ಬ್ರೈಟನ್‌ನಲ್ಲಿ ಗೆದ್ದಿತು. ಗೆದ್ದ ಕುದುರೆಯ ತರಬೇತುದಾರರಾಗಿ ಮೊದಲ ಬಾರಿಗೆ ಹೆಣ್ಣಿನ ಹೆಸರು ದಾಖಲಾಯಿತು. ನೇಗಲ್ 1988ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನನ್ನ ಮಾತಿಗೆ ಬರುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹನಿ ನೀರಾವರಿಯ ಮಾದರಿಗೆ ಬಹುಮಾನ ಪಡೆದಿದ್ದೆ. ಅದನ್ನು ಯೋಚಿಸಿ, ಪೈಪು ಕತ್ತರಿಸಿ, ಜೋಡಿಸಿದ್ದು ನನ್ನ ಒಬ್ಬ ಸಹಪಾಠಿ. ಹೆಣ್ಣುಮಗಳನ್ನು ತಾಲ್ಲೂಕಿಗೆ ಕಳಿಸುವುದಿಲ್ಲ ಎಂದು ಅವರ ಮನೆಯಲ್ಲಿ ಹೇಳಿದರು. ನಾನು ಹೋದೆ. ಪ್ರಮಾಣಪತ್ರದಲ್ಲಿ ನನ್ನ ಹೆಸರು ಬಂತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನು ಬಾಯಿ ಬಿಡಲಿಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ.

ನೇಗಲ್ ಅವರ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಚಪ್ಪಾಳೆ. ಶಾಲೆಯ ಬಹುಮಾನದ ಪುಸ್ತಕದಲ್ಲಿ ನನ್ನ ಹೆಸರಿಗಿಂತ ಮುಂಚೆ ಅವರ ಹೆಸರು ಬರೆಯಬೇಕೆಂದು ಮುಖ್ಯೋಪಾಧ್ಯಾಯರಿಗೆ ಇಂದು ಪತ್ರ ಕೊಟ್ಟಿದ್ದೇನೆ. ಅವರನ್ನು ಕೇಳಿಯೇ ಕೊಟ್ಟಿದ್ದೇನೆ. “ಪುಸ್ತಕದಲ್ಲಿ ಬರೆಸು ಸಾಕು, ಮೈಕಿನಲ್ಲಿ ಹೇಳಬೇಡ” ಎಂದರು. ಅದರಂತೆ ಹೇಳುತ್ತಿಲ್ಲ.

ಹಿರಿಯರಲ್ಲಿ ಒಂದು ವಿನಂತಿ. ಮನೆಗೆ ಹೋದ ಮೇಲೆ ಪಹಣಿಯಲ್ಲಿ, ಹಾಲಿನ ಡೈರಿಯ ಪುಸ್ತಕದಲ್ಲಿ ಯಾರ ಹೆಸರಿದೆ ಎಂದು ನೋಡಿ. ದುಡಿಯುತ್ತಿರುವವರು ಯಾರು ಎಂಬುದನ್ನೂ ನೋಡಿ. ಮಕ್ಕಳೇ, ನಿಮ್ಮ ಕೆಲಸಕ್ಕೆ ನಿಮ್ಮ ಹೆಸರನ್ನೇ ಕೇಳಿ. ಇನ್ನೊಬ್ಬರ ಕೆಲಸಕ್ಕೆ ಚಪ್ಪಾಳೆ ಬಂದರೆ, ಅಂದೇ ಎದ್ದು ನಿಂತು ಅವರ ಹೆಸರು ಹೇಳಿ. ನನ್ನ ಹಾಗೆ ಇಪ್ಪತ್ತು ವರ್ಷ ತಡ ಮಾಡಬೇಡಿ.