ಗಾಡ್ಜಿಲ್ಲಾ: ಬೂದಿಯಿಂದ ಎದ್ದ ಮೃಗ



1922ರ ಜೂನ್ ತಿಂಗಳು. ನ್ಯೂಯಾರ್ಕಿನಲ್ಲಿ ಅಮೆರಿಕದ ಜಾದೂಗಾರರ ಸಂಘದ ಔತಣಕೂಟ. ಷರ್ಲಾಕ್ ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅಲ್ಲಿಗೆ ಅತಿಥಿಯಾಗಿ ಬಂದಿದ್ದರು. ಬಂದವರು ಸಭೆಗೆ ಒಂದು ತುಂಡು ಫಿಲ್ಮು ತೋರಿಸಿದರು. ಪರದೆಯ ಮೇಲೆ ಡೈನೋಸಾರುಗಳು ಓಡಾಡುತ್ತಿದ್ದವು, ಬಾಲ ಬೀಸುತ್ತಿದ್ದವು, ಒಂದರ ಮೇಲೊಂದು ಬಿದ್ದು ಕಾದಾಡುತ್ತಿದ್ದವು. ಇದನ್ನು ಎಲ್ಲಿ ತೆಗೆದದ್ದು, ಹೇಗೆ ತೆಗೆದದ್ದು ಎಂಬುದನ್ನು ಡಾಯ್ಲ್ ಹೇಳಲಿಲ್ಲ. ಕಣ್ಕಟ್ಟನ್ನೇ ಕಸುಬು ಮಾಡಿಕೊಂಡವರು ಕೂಡ ಬೆರಗಾದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದು ಸುದ್ದಿಯಾಯಿತು. ಆಮೇಲೆ ಗುಟ್ಟು ಹೊರಬಿತ್ತು. ಡಾಯ್ಲ್ ಅವರದೇ ಕಾದಂಬರಿ ‘ದಿ ಲಾಸ್ಟ್ ವರ್ಲ್ಡ್’ ಸಿನಿಮಾ ಆಗುತ್ತಿತ್ತು, ಇದು ಅದರ ತಯಾರಿಯ ತುಣುಕು. ಆ ಡೈನೋಸಾರುಗಳೆಲ್ಲ ಮೇಜಿನ ಮೇಲೆ ನಿಲ್ಲಿಸಬಹುದಾದ ಗೊಂಬೆಗಳು. ಅವಕ್ಕೆ ಜೀವ ಬರಿಸಿದವರು ವಿಲ್ಲಿಸ್ ಓಬ್ರಿಯನ್.

ದೈತ್ಯಮೃಗಗಳ ಸಿನಿಮಾ ಎಂದರೆ ಮಕ್ಕಳ ಆಟ, ದೊಡ್ಡವರಿಗೆ ಅದರಲ್ಲೇನಿದೆ ಎಂದು ಕೇಳುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಈ ಚಿತ್ರಗಳಲ್ಲಿ ಒಳ್ಳೆಯವು ತಮ್ಮ ಕಾಲದ ಜನ ಬಾಯಿಬಿಟ್ಟು ಹೇಳಲಾರದೆ ಹೋದ ಭಯಕ್ಕೆ ಮೈ ಕೊಟ್ಟಿವೆ. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದು 1954ರ ಜಪಾನಿನ ‘ಗಾಡ್ಜಿಲ್ಲಾ’. ಅದು ಒಂದು ದೇಶ ತನ್ನ ಸತ್ತವರಿಗಾಗಿ ಅತ್ತ ಸಿನಿಮಾ. ಅಲ್ಲಿಗೆ ಹೋಗುವ ಮುನ್ನ ಅದರ ಹಿರಿಯಣ್ಣನನ್ನು ನೋಡಬೇಕು.

ಆ ಹಿರಿಯಣ್ಣ 1933ರ ‘ಕಿಂಗ್ ಕಾಂಗ್’. ನಿರ್ದೇಶಕರು ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಷೋಡ್ಸಾಕ್, ಕಾಂಗನಿಗೆ ಚಲನೆ ಕೊಟ್ಟವರು ಅದೇ ಓಬ್ರಿಯನ್. ಎಂಪೈರ್ ಸ್ಟೇಟ್ ಕಟ್ಟಡದ ತುದಿಗೇರಿ ವಿಮಾನಗಳನ್ನು ಕೈಯಿಂದ ಹಿಡಿಯುವ ಆ ಮಹಾವಾನರನ ಗೊಂಬೆ ಇದ್ದದ್ದು ಒಂದೂವರೆ ಅಡಿಯ ಆಸುಪಾಸು. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಅದರ ಮೇಲೆ ರಬ್ಬರಿನ ಮಾಂಸ, ಮೇಲ್ಗಡೆ ಮೊಲದ ತುಪ್ಪಳ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫ್ರೇಮ್ ತೆಗೆಯುವುದು, ಮತ್ತೆ ಸರಿಸುವುದು, ಮತ್ತೊಂದು ತೆಗೆಯುವುದು. ತೆರೆಯ ಮೇಲೆ ಒಂದು ಸೆಕೆಂಡು ಓಡಬೇಕಾದರೆ ಇಂಥ 24 ಫ್ರೇಮ್ ಬೇಕು. ಇದಕ್ಕೆ ಸ್ಟಾಪ್ ಮೋಷನ್ ಎನ್ನುತ್ತಾರೆ. ಗಮನಿಸಿ ನೋಡಿದರೆ ಕಾಂಗನ ಮೈಮೇಲಿನ ತುಪ್ಪಳ ಸದಾ ಮಿಸುಕುತ್ತಿರುವುದು ಕಾಣುತ್ತದೆ. ಪ್ರತಿ ಫ್ರೇಮಿಗೂ ಗೊಂಬೆಯನ್ನು ಮುಟ್ಟಿದ ಬೆರಳುಗಳ ಗುರುತು ಅದು. ನೋಡುವವರಿಗೆ ಮಾತ್ರ ಕೋಪದಿಂದ ರೋಮ ನಿಮಿರಿದಂತೆ ತೋರುತ್ತದೆ. ಕಾಂಗ್ ಕೊನೆಗೆ ಗುಂಡೇಟು ತಿಂದು ತನ್ನ ಎದೆ ಮುಟ್ಟಿಕೊಂಡು ರಕ್ತ ನೋಡುತ್ತಾನಲ್ಲ, ಆ ಗಳಿಗೆಯಲ್ಲಿ ರಬ್ಬರು, ಮೊಲದ ಚರ್ಮ ಯಾವುದೂ ನೆನಪಿಗೆ ಬರುವುದಿಲ್ಲ.

ಆ ವರ್ಷ ಲಾಸ್ ಏಂಜಲಿಸಿನಲ್ಲಿ ಈ ಚಿತ್ರ ನೋಡಿದ 13 ವರ್ಷದ ಹುಡುಗನೊಬ್ಬ ಮನೆಗೆ ಬಂದು ತಾನೂ ಗೊಂಬೆ ಮಾಡತೊಡಗಿದ. ಅವನೇ ರೇ ಹ್ಯಾರಿಹೌಸೆನ್. ಜಪಾನಿನಲ್ಲೂ ಒಬ್ಬರು ಇದನ್ನು ನೋಡಿ ಬೆರಗಾದರು. ಅವರು ಆಗಲೇ ಕ್ಯಾಮೆರಾ ಕೆಲಸದಲ್ಲಿದ್ದ ಏಜಿ ಸುಬುರಾಯ. ಚಿತ್ರದ ಒಂದು ಪ್ರತಿಯನ್ನು ಸಂಪಾದಿಸಿ, ಒಂದೊಂದೇ ಫ್ರೇಮ್ ಬಿಡಿಸಿ ನೋಡಿ, ಅದನ್ನು ಹೇಗೆ ಮಾಡಿದ್ದಾರೆಂದು ಅಭ್ಯಾಸ ಮಾಡಿದರು. ಈ ಇಬ್ಬರು ಶಿಷ್ಯರಿಂದಲೇ ಮುಂದಿನ ಕಥೆ ನಡೆಯುತ್ತದೆ.

1952ರಲ್ಲಿ ಕಿಂಗ್ ಕಾಂಗ್ ಮತ್ತೆ ಬಿಡುಗಡೆಯಾಗಿ ಚೆನ್ನಾಗಿ ಓಡಿತು. ನಿರ್ಮಾಪಕರ ಕಣ್ಣು ಇತ್ತ ತಿರುಗಿತು. ಮರುವರ್ಷವೇ ಹ್ಯಾರಿಹೌಸೆನ್ ಕೆಲಸ ಮಾಡಿದ ‘ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್’ ಬಂತು. ಧ್ರುವಪ್ರದೇಶದ ಹಿಮದಲ್ಲಿ ಅಣುಸ್ಫೋಟ ನಡೆಯುತ್ತದೆ, ಹಿಮದೊಳಗೆ ಯುಗಯುಗಗಳಿಂದ ಮಲಗಿದ್ದ ಮೃಗ ಎಚ್ಚರಾಗಿ ನ್ಯೂಯಾರ್ಕಿಗೆ ಬರುತ್ತದೆ. 1954ರಲ್ಲಿ ‘ದೆಮ್!’ ಎಂಬ ಚಿತ್ರದಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯಿಂದ ಭಾರೀ ಇರುವೆಗಳು ಹೊರಟವು. 1945ರಲ್ಲಿ ಜಗತ್ತಿನ ಮೊದಲ ಅಣುಬಾಂಬ್ ಪರೀಕ್ಷೆ ನಡೆದದ್ದು ಅದೇ ನೆಲದಲ್ಲಿ. ಅಮೆರಿಕದ ಈ ಚಿತ್ರಗಳು ನನಗೆ ಇಷ್ಟ. ಆದರೆ ಬಾಂಬು ತಯಾರಿಸಿದವರಿಗೆ ಅದು ಮುಂದೆಂದೋ ಬರಬಹುದಾದ ಅಪಾಯ. ಜಪಾನಿನವರಿಗೆ ಅದು ಬಂದು ಹೋಗಿತ್ತು. ಅಷ್ಟೇ ಅಲ್ಲ, ಆ ವರ್ಷ ಮತ್ತೊಮ್ಮೆ ಬಂತು.

1954ರ ಮಾರ್ಚ್ 1. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ‘ಕ್ಯಾಸಲ್ ಬ್ರಾವೋ’ ಎಂಬ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಅದರ ಬಲ 15 ಮೆಗಾಟನ್, ಹಿರೋಷಿಮಾ ಬಾಂಬಿನ ಸುಮಾರು ಸಾವಿರ ಪಟ್ಟು. ವಿಜ್ಞಾನಿಗಳ ಅಂದಾಜಿಗಿಂತ ಎರಡು ಪಟ್ಟಿಗೂ ಮೀರಿತ್ತು. ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಅಪಾಯವಲಯವೆಂದು ಸಾರಿದ್ದ ಗಡಿಯ ಹೊರಗೆ, ‘ಡೈಗೊ ಫುಕುರ್ಯೂ ಮಾರು’ ಎಂಬ ಜಪಾನಿ ದೋಣಿ ಟ್ಯೂನಾ ಮೀನು ಹಿಡಿಯುತ್ತಿತ್ತು. ಅದರಲ್ಲಿ 23 ಜನ. ಪಶ್ಚಿಮದಲ್ಲಿ ಸೂರ್ಯ ಹುಟ್ಟಿದಂಥ ಬೆಳಕು ಕಂಡಿತು. ಕೆಲವು ಗಂಟೆಗಳ ಬಳಿಕ ಆಕಾಶದಿಂದ ಬಿಳಿ ಬೂದಿ ಉದುರತೊಡಗಿತು. ಸಿಡಿದು ಪುಡಿಯಾದ ಹವಳ ಅದು. ಮೈಗೆ, ತಲೆಗೆ, ಬಲೆಗೆ, ಮೀನಿಗೆ ಎಲ್ಲಕ್ಕೂ ಮೆತ್ತಿಕೊಂಡಿತು. ಎರಡು ವಾರದ ಮೇಲೆ ಯಾಯಿಜು ಬಂದರಿಗೆ ಬಂದಿಳಿಯುವಷ್ಟರಲ್ಲಿ ಅವರ ಚರ್ಮ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ಅವರು ತಂದ ಮೀನು ಮಾರುಕಟ್ಟೆ ಸೇರಿತ್ತು. ದೇಶದಲ್ಲೆಲ್ಲ ಜನ ಮೀನು ತಿನ್ನಲು ಹೆದರಿದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರು ಸತ್ತು ಆರು ವಾರ ತುಂಬುವ ಮೊದಲೇ, ನವೆಂಬರ್ 3ರಂದು, ‘ಗಾಡ್ಜಿಲ್ಲಾ’ ತೆರೆಕಂಡಿತು. ಚಿತ್ರದ ಮೊದಲ ದೃಶ್ಯ ಹೀಗಿದೆ: ಕಡಲಲ್ಲಿ ಒಂದು ಹಡಗು, ಅಟ್ಟದ ಮೇಲೆ ಕುಳಿತು ಗಿಟಾರು ನುಡಿಸುತ್ತಿರುವ ನಾವಿಕರು, ಇದ್ದಕ್ಕಿದ್ದಂತೆ ನೀರಿನೊಳಗಿಂದ ಕಣ್ಣು ಕುಕ್ಕುವ ಬೆಳಕು, ಹೊತ್ತಿ ಉರಿಯುವ ಹಡಗು. ಚಿತ್ರಮಂದಿರದಲ್ಲಿ ಕುಳಿತ ಜಪಾನಿಗಳಿಗೆ ಇದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತೊಹೊ ಸಂಸ್ಥೆಯ ನಿರ್ಮಾಪಕ ತೊಮೊಯುಕಿ ತನಾಕ ಇಂಡೋನೇಷ್ಯಾದವರ ಜೊತೆಗೂಡಿ ಒಂದು ಚಿತ್ರ ಮಾಡಬೇಕಿತ್ತು. ಅದು ಮುರಿದುಬಿತ್ತು. ಬರಿಗೈಲಿ ವಿಮಾನದಲ್ಲಿ ಮರಳುವಾಗ ಕೆಳಗಿನ ಕಡಲನ್ನು ನೋಡುತ್ತ ಅವರಿಗೆ ಈ ಮೃಗ ಹೊಳೆಯಿತಂತೆ. ನಿರ್ದೇಶನಕ್ಕೆ ಬಂದವರು ಇಷಿರೊ ಹೊಂಡ. ಚಿತ್ರ ನಿರ್ದೇಶಕ ಕುರೊಸಾವರ ಆಪ್ತ ಗೆಳೆಯ, ಚೀನಾದಲ್ಲಿ ವರ್ಷಗಟ್ಟಲೆ ಸೈನಿಕನಾಗಿದ್ದವರು, ಯುದ್ಧ ಮುಗಿದು ಊರಿಗೆ ಮರಳುವಾಗ ಹಿರೋಷಿಮಾದ ಮೂಲಕ ಹಾದುಬಂದವರು. ಅಲ್ಲಿ ಕಂಡದ್ದನ್ನು ಅವರು ಮರೆಯಲಿಲ್ಲ. ಮೃಗದ ಸಿನಿಮಾ ಎಂದು ಅವರೆಂದೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಿಜ್ಞಾನಿ ಯಮಾನೆಯ ಪಾತ್ರಕ್ಕೆ ತಕಾಷಿ ಷಿಮುರ ಬಂದರು. ಅದೇ ವರ್ಷದ ‘ಸೆವೆನ್ ಸಮುರಾಯ್’ನ ಮುಖಂಡ ಸಮುರಾಯ್ ಅವರೇ.

ಮೃಗದ ಹೊಣೆ ಸುಬುರಾಯ ಅವರದು. ಕಾಂಗನಂತೆ ಗೊಂಬೆಯನ್ನು ಫ್ರೇಮ್ ಫ್ರೇಮಾಗಿ ಸರಿಸುತ್ತ ಕುಳಿತರೆ ಏಳು ವರ್ಷ ಬೇಕಾದೀತೆಂದು ಅವರ ಲೆಕ್ಕ. ಅಷ್ಟು ಸಮಯ ಯಾರು ಕೊಡುತ್ತಾರೆ? ಹಾಗಾಗಿ ವೇಷ ಕಟ್ಟಿದರು. ಮೊದಲು ಮಾಡಿದ ವೇಷ ಸುಮಾರು 100 ಕಿಲೋ ತೂಗಿತು, ಅದರೊಳಗೆ ಹೊಕ್ಕವರು ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಯಿತು. ವೇಷ ತೊಟ್ಟವರು ಹರುವೊ ನಕಜಿಮ. ಅವರು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆ ನೋಡಿ ಕಲಿತರು. ಸ್ಟುಡಿಯೋ ದೀಪಗಳ ಕಾವಿನಲ್ಲಿ, ಉಸಿರುಗಟ್ಟುವ ರಬ್ಬರಿನೊಳಗೆ, ಪ್ರಜ್ಞೆ ತಪ್ಪುವಷ್ಟು ದಣಿದು ದುಡಿದರು. ಟೋಕಿಯೊ ನಗರವನ್ನು 1/25ರ ಪ್ರಮಾಣದಲ್ಲಿ ಕಟ್ಟಿದ್ದರು. ಎರಡು ಮೀಟರ್ ಎತ್ತರದ ವೇಷ ಅಲ್ಲಿ 50 ಮೀಟರಿನ ಮೃಗವಾಯಿತು. ಕ್ಯಾಮೆರಾವನ್ನು ಮಾಮೂಲಿಗಿಂತ ವೇಗವಾಗಿ ಓಡಿಸಿ ತೆಗೆದದ್ದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಹೆಜ್ಜೆಗೂ ಉರುಳುವ ಗೋಡೆಗೂ ನಿಜವಾದ ಭಾರ ಬಂತು. ಆ ಭಾರವೇ ಈ ಚಿತ್ರದ ಪ್ರಾಣ. ಇಂದಿನ ಕಂಪ್ಯೂಟರಿನ ಮೃಗಗಳು ಇದಕ್ಕಿಂತ ಚುರುಕಾಗಿ ಜಿಗಿಯುತ್ತವೆ. ಆದರೆ ನೆಲ ನಡುಗುವ ಹಾಗೆ ನಡೆಯುವುದು ಅವುಗಳಲ್ಲಿ ಕೆಲವಕ್ಕೆ ಮಾತ್ರ ಸಾಧ್ಯವಾಗಿದೆ.

ರೇಡಿಯೋದಲ್ಲಿ ಕುಳಿತು ಮಾತಾಡುವವನು ಸದ್ದಿನ ಬಗ್ಗೆ ಹೇಳದೆ ಹೋದರೆ ತಪ್ಪಾದೀತು. ಗಾಡ್ಜಿಲ್ಲಾದ ಆ ಕೂಗು ಯಾವ ಪ್ರಾಣಿಯದೂ ಅಲ್ಲ. ಸಿಂಹ, ಹುಲಿಗಳ ಗರ್ಜನೆಯನ್ನು ಹಿಂದುಮುಂದಾಗಿ ನಿಧಾನಕ್ಕೆ ಓಡಿಸಿ ಕಾಂಗನಿಗೆ ದನಿ ಮಾಡಿದ್ದರು. ಇಲ್ಲಿ ಸಂಗೀತ ನಿರ್ದೇಶಕ ಅಕಿರ ಇಫುಕುಬೆ ಪ್ರಾಣಿಗಳ ದನಿ ಬೇಡವೆಂದರು. ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯದ ತಂತಿಯನ್ನು ಸಡಿಲಿಸಿ, ರಾಳ ಸವರಿದ ಚರ್ಮದ ಕೈಗವಸಿನಿಂದ ಅದನ್ನು ಜಗ್ಗಿ ಉಜ್ಜಿ, ಬಂದ ಸದ್ದನ್ನು ಮುದ್ರಿಸಿಕೊಂಡು ನಿಧಾನಗೊಳಿಸಿದರು. ಅದರಲ್ಲಿ ಕೋಪವೂ ಇದೆ, ಗಾಯಗೊಂಡದ್ದರ ನರಳಾಟವೂ ಇದೆ. ಇಫುಕುಬೆ ಅರಣ್ಯಶಾಸ್ತ್ರ ಓದಿದವರು. ಯುದ್ಧಕಾಲದಲ್ಲಿ ಮರದ ಮೇಲಿನ ಪ್ರಯೋಗಗಳಲ್ಲಿ ರಕ್ಷಣೆಯಿಲ್ಲದೆ ಎಕ್ಸ್-ರೇಗೆ ಒಡ್ಡಿಕೊಂಡು ಕಾಯಿಲೆ ಬಿದ್ದವರು. ವಿಕಿರಣ ಅವರಿಗೆ ಬರೀ ಕಥೆಯಾಗಿರಲಿಲ್ಲ.

ಮೃಗ ಟೋಕಿಯೊವನ್ನು ತುಳಿದು ಸುಟ್ಟ ಮೇಲಿನ ದೃಶ್ಯಗಳನ್ನು ನೋಡಬೇಕು. ಆಸ್ಪತ್ರೆಯ ನೆಲದ ಮೇಲೆ ಸಾಲಾಗಿ ಮಲಗಿಸಿದ ಗಾಯಾಳುಗಳು. ಪುಟ್ಟ ಮಗುವೊಂದರ ಮೈಗೆ ವಿಕಿರಣ ಅಳೆಯುವ ಗೈಗರ್ ಯಂತ್ರ ಹಿಡಿಯುತ್ತಾರೆ, ಅದು ಟಿಕಟಿಕ ಎನ್ನುತ್ತದೆ. ಅದಕ್ಕೂ ಮೊದಲು, ಉರಿಯುವ ಬೀದಿಯಲ್ಲಿ ಮಕ್ಕಳನ್ನು ಅವುಚಿಕೊಂಡು ಕುಳಿತ ತಾಯಿ, ಇನ್ನೇನು ಅಪ್ಪನಿದ್ದಲ್ಲಿಗೇ ಹೋಗುತ್ತೇವೆ ಎಂದು ಅವಕ್ಕೆ ಸಮಾಧಾನ ಹೇಳುತ್ತಾಳೆ. ಆ ಅಪ್ಪ ಯುದ್ಧದಲ್ಲಿ ಸತ್ತವನೆಂದು ಊಹಿಸುವುದು ಕಷ್ಟವಲ್ಲ. 1945ರ ಮಾರ್ಚಿನ ಒಂದೇ ರಾತ್ರಿ ಅಮೆರಿಕದ ಬೆಂಕಿಬಾಂಬುಗಳಿಗೆ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಒಂಬತ್ತು ವರ್ಷದ ಬಳಿಕ ಅದೇ ಊರಿನವರು ಟಿಕೆಟ್ಟು ಕೊಂಡು ಈ ಚಿತ್ರ ನೋಡಿದರು.

ಸೆರಿಜಾವ ಎಂಬ ಒಂಟಿಗಣ್ಣಿನ ವಿಜ್ಞಾನಿಯ ಕಥೆ ಇದರ ಹೃದಯ. ನೀರಿನ ಆಮ್ಲಜನಕವನ್ನೇ ನಾಶಮಾಡಿ ಜೀವಿಗಳನ್ನು ಕರಗಿಸುವ ಅಸ್ತ್ರವೊಂದನ್ನು ಅವನು ಕಂಡುಹಿಡಿದಿದ್ದಾನೆ. ಮೃಗವನ್ನು ಕೊಲ್ಲಲು ಅದೊಂದೇ ದಾರಿ. ಆದರೆ ಒಮ್ಮೆ ಬಳಸಿದರೆ ಅಧಿಕಾರಸ್ಥರು ಅದನ್ನು ಮತ್ತೆ ಮತ್ತೆ ಕೇಳುತ್ತಾರೆಂಬುದು ಅವನಿಗೆ ಗೊತ್ತು. ನಮ್ಮ ಭಸ್ಮಾಸುರ ವರ ಪಡೆದ ಕೈಯನ್ನು ಮೋಹಿನಿಯ ಮಾಯೆಗೆ ಸಿಕ್ಕಿ ತನ್ನ ತಲೆಯ ಮೇಲಿಟ್ಟುಕೊಂಡ. ಸೆರಿಜಾವ ಅದೇ ಕೆಲಸವನ್ನು ತಿಳಿದೂ ತಿಳಿದು ಮಾಡುತ್ತಾನೆ. ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಸುಟ್ಟು, ಕಡಲ ತಳಕ್ಕಿಳಿದು ಅಸ್ತ್ರ ಪ್ರಯೋಗಿಸಿ, ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ವಿದ್ಯೆ ಅವನೊಂದಿಗೇ ಮುಳುಗುತ್ತದೆ. ಅಣುಬಾಂಬಿನ ಕಾಲದಲ್ಲಿ ಒಬ್ಬ ವಿಜ್ಞಾನಿಯ ಹೊಣೆ ಏನೆಂದು ಇಷ್ಟು ನೇರವಾಗಿ ಕೇಳಿದ ಚಿತ್ರಗಳು ನನಗೆ ಹೆಚ್ಚು ಗೊತ್ತಿಲ್ಲ.

ಆಮೇಲೆ ಏನಾಯಿತು? 1956ರಲ್ಲಿ ಅಮೆರಿಕದವರು ಚಿತ್ರವನ್ನು ಕೊಂಡು, ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ಪತ್ರಕರ್ತನನ್ನಾಗಿ ಒಳಗೆ ಸೇರಿಸಿ ತಮ್ಮ ಜನಕ್ಕೆ ತೋರಿಸಿದರು. ರೈಲಿನಲ್ಲಿ ಕುಳಿತ ಯುವತಿಯೊಬ್ಬಳು ನಾಗಸಾಕಿಯಿಂದ ಬದುಕಿಬಂದದ್ದನ್ನು ನೆನೆಯುವ ಮಾತು ಅದರಲ್ಲಿ ಉಳಿಯಲಿಲ್ಲ. ಜಪಾನಿನ ಹೊರಗೆ ಬಹುಪಾಲು ಜನ ದಶಕಗಳ ಕಾಲ ನೋಡಿದ್ದು ಈ ಕತ್ತರಿಸಿದ ಪ್ರತಿಯನ್ನೇ. ಈ ಕತ್ತರಿಯಿಂದ ಚಿತ್ರಕ್ಕೆ ದೊಡ್ಡ ಅನ್ಯಾಯವಾಯಿತು ಎಂದೇ ನನ್ನ ಅಭಿಪ್ರಾಯ.

ಜಪಾನಿನಲ್ಲಿ ಸಾಲುಸಾಲಾಗಿ ಮೃಗಗಳು ಬಂದವು. 1956ರಲ್ಲಿ ಗಣಿಯೊಳಗಿಂದ ಹೊರಟ ‘ರೋಡಾನ್’, 1965ರಲ್ಲಿ ಡೈಯೆ ಸಂಸ್ಥೆಯ ಆಮೆ ‘ಗಮೇರಾ’. ಇವುಗಳಲ್ಲಿ ನನ್ನ ಮೆಚ್ಚಿನದು 1961ರ ‘ಮೋಥ್ರಾ’. ಅಣುಪರೀಕ್ಷೆಗೆ ಸಿಕ್ಕಿ ನಲುಗಿದ ದ್ವೀಪದಿಂದ ಇಬ್ಬರು ಪುಟ್ಟ ಹೆಣ್ಣುಗಳನ್ನು ಒಬ್ಬ ವ್ಯಾಪಾರಿ ಹೊತ್ತು ತರುತ್ತಾನೆ, ಅವರನ್ನು ಹುಡುಕಿಕೊಂಡು ಮಹಾಪತಂಗ ಬರುತ್ತದೆ. ಆಗ ಹೊಸದಾಗಿ ಎದ್ದಿದ್ದ ಟೋಕಿಯೊ ಟವರಿಗೆ ಒರಗಿ ಅದು ಗೂಡು ಕಟ್ಟುವ ದೃಶ್ಯ ಬಲು ಸೊಗಸು. 1962ರಲ್ಲಿ ಕಾಂಗ್ ಮತ್ತು ಗಾಡ್ಜಿಲ್ಲಾ ಎದುರುಬದುರಾದರು. ಆ ಚಿತ್ರದ ಮೂಲ ಕಲ್ಪನೆ ಮುದುಕ ಓಬ್ರಿಯನ್ ಅವರದು, ಅದು ಅವರಿಗೇ ತಿಳಿಯದಂತೆ ಕೈದಾಟಿ ಜಪಾನಿಗೆ ಹೋಗಿತ್ತು. ಅದೇ ವರ್ಷ ಅವರು ತೀರಿಕೊಂಡರು. ಕ್ರಮೇಣ ಗಾಡ್ಜಿಲ್ಲಾ ಮಕ್ಕಳ ನಾಯಕನಾದ, ಭೂಮಿಯನ್ನು ಕಾಯುವವನಾದ. ಅದನ್ನೂ ನಾನು ತಳ್ಳಿಹಾಕುವುದಿಲ್ಲ. 1971ರಲ್ಲಿ ಕಾರ್ಖಾನೆಗಳ ಹೊಗೆ, ಕೊಳಕು ನೀರಿನಿಂದ ಹುಟ್ಟಿದ ‘ಹೆಡೋರಾ’ ಎಂಬ ಮೃಗವನ್ನು ಅವನೆದುರು ನಿಲ್ಲಿಸಿದರು. ಮಿನಮಾಟಾದ ಪಾದರಸದ ವಿಷ, ಯೊಕ್ಕೈಚಿಯ ಹೊಗೆಯ ಉಬ್ಬಸ ಜಪಾನನ್ನು ಕಾಡುತ್ತಿದ್ದ ಕಾಲ ಅದು. 1972ರವರೆಗೂ ನಕಜಿಮ ವೇಷ ತೊಡುತ್ತಲೇ ಇದ್ದರು.

2023ರಲ್ಲಿ ತಕಾಷಿ ಯಮಜಾಕಿ ‘ಗಾಡ್ಜಿಲ್ಲಾ ಮೈನಸ್ ಒನ್’ ತೆಗೆದು ಕಥೆಯನ್ನು ಮತ್ತೆ ಯುದ್ಧಾನಂತರದ ಬೂದಿಗೇ ಒಯ್ದರು. ಹಾಲಿವುಡ್ಡಿನ ಲೆಕ್ಕಕ್ಕೆ ಸಣ್ಣದೆನಿಸುವ ಹಣದಲ್ಲಿ, ಸಣ್ಣ ತಂಡದೊಂದಿಗೆ ಮಾಡಿದ ಆ ಚಿತ್ರ 2024ರಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. 70 ವರ್ಷದ ಈ ಸರಣಿಗೆ ದಕ್ಕಿದ ಮೊದಲ ಆಸ್ಕರ್ ಅದು. ಬೂದಿ ಹೊದ್ದು ಬಂದ ಮೀನುದೋಣಿಯನ್ನೂ ಜಪಾನಿಗಳು ಉಳಿಸಿಕೊಂಡಿದ್ದಾರೆ. ಟೋಕಿಯೊದ ಯುಮೆನೊಷಿಮಾ ಉದ್ಯಾನದಲ್ಲಿ ಇಂದಿಗೂ ಅದನ್ನು ನೋಡಬಹುದು.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ಹೊಸ ಬಣ್ಣದ ಚಿತ್ರಗಳನ್ನು ನೋಡಿದವರು, ನಿಮ್ಮ ಮನೆಯ ಹದಿಹರೆಯದ ಮಕ್ಕಳನ್ನೂ ಕೂರಿಸಿಕೊಂಡು, 1954ರ ಕಪ್ಪುಬಿಳುಪು ‘ಗಾಡ್ಜಿಲ್ಲಾ’ವನ್ನು ಒಮ್ಮೆ ನೋಡಿ. ಅಮೆರಿಕದವರು ಕತ್ತರಿಸಿದ 80 ನಿಮಿಷದ ಪ್ರತಿ ಬೇಡ, ಜಪಾನಿ ಮಾತುಗಳಿರುವ 96 ನಿಮಿಷದ ಮೂಲ ಚಿತ್ರವನ್ನೇ ಹುಡುಕಿ ನೋಡಿ.